ನೀಲಿ ಬೆಂಕಿಯ ಲಾರಿ

ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ಸತ್ತಿಲ್ಲ, ಮಾಯವಾಗಿದ್ದಾರೆ ಎಂದು ನಂಬಿಕೊಂಡೇ ನಾನು ಬೆಳೆದೆ. ಹುಣಸೂರಿನ ನಮ್ಮ ಬೀದಿಯಲ್ಲಿ ಎಲ್ಲರಿಗೂ ಆ ಕತೆ ಗೊತ್ತಿತ್ತು. ಎರಡನೇ ಮಹಾಯುದ್ಧದ ಕಾಲ. ಮರ ಕೊಯ್ಯುವ ಕೆಲಸದ ನಾನಾ ಇನ್ನಿಬ್ಬರ ಜೊತೆ ಕಂಟ್ರಾಕ್ಟರನ ಲಾರಿ ಹತ್ತಿ ಕಾಕನಕೋಟೆ ಕಾಡಿಗೆ ಹೋದರು. ಅಲ್ಲಿ ಬಿಳಿ ಸಾಹೇಬರು ಗುಟ್ಟಾಗಿ ಯಾವುದೋ ಯಂತ್ರ ಪರೀಕ್ಷಿಸುತ್ತಿದ್ದರಂತೆ. ಲಾರಿಯ ಹಿಂದಿನಿಂದ ನೀಲಿ ಬೆಂಕಿ ಎದ್ದಿತಂತೆ, ಲಾರಿಯೂ ಅದರಲ್ಲಿದ್ದವರೂ ನೋಡನೋಡುತ್ತ ಇಲ್ಲವಾದರಂತೆ. "ಮಿಲಿಟರಿ ಕೆಲಸ, ಏನೂ ಕೇಳಬೇಡಿ" ಎಂದು ಕಂಟ್ರಾಕ್ಟರ್ ಮೂರೂ ಮನೆಗೆ ಬಂದು ಹೇಳಿ ಹೋದನಂತೆ.

ಅಮ್ಮಿ ಹುಟ್ಟಿದ್ದು ಅದಾದ ಮೂರು ತಿಂಗಳಿಗೆ. ನಾನಿ ಬೀಡಿ ಕಟ್ಟಿ ಮಗಳನ್ನು ಸಾಕಿದರು. ಗಂಡ ಸತ್ತನೆಂದು ಹೇಳುವವರಿರಲಿಲ್ಲ. ಹಾಗಾಗಿ ವಿಧವೆಯರು ಕೂರುವ ಇದ್ದತ್‌ಗೆ ಅವರು ಕೂರಲಿಲ್ಲ, ಇನ್ನೊಂದು ಮದುವೆಯ ಮಾತೂ ಏಳಲಿಲ್ಲ. ಷಬೇ ಬರಾತ್‌ನಲ್ಲಿ ಮನೆಯ ತೀರಿಕೊಂಡವರ ಹೆಸರು ಹೇಳಿ ಫಾತಿಹಾ ಓದುವಾಗ ನಾನಾನ ಹೆಸರನ್ನು ಬಿಡುತ್ತಿದ್ದರು. ಒಮ್ಮೆ ಯಾರೋ ಸೇರಿಸಲು ಹೋದಾಗ ನಾನಿ ಹಲ್ವದ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟಿದ್ದರು. ಹಾಗೆ ಕಾಯುತ್ತಲೇ ಅವರೂ ಹೋದರು.

ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರ್ ಆದೆ. ಜೋರು ಮಳೆಗೆ ಪಾಠ ಕೇಳಿಸದಾದಾಗ ಮಕ್ಕಳಿಗೆ ಈ ಕತೆಯನ್ನೇ ಹೇಳುತ್ತಿದ್ದೆ. ಅಷ್ಟು ದೊಡ್ಡ ಯುದ್ಧಕ್ಕೂ ನಮ್ಮ ಹೆಂಚಿನ ಮನೆಗೂ ನಂಟಿದೆ ಎಂಬ ಹೆಮ್ಮೆ ನನ್ನಲ್ಲಿತ್ತು, ಸುಳ್ಳೇಕೆ ಹೇಳಲಿ.

ನಿವೃತ್ತಿಗೆ ಒಂದು ವರ್ಷ ಇದ್ದಾಗ ನನ್ನನ್ನು ಚುನಾವಣೆ ಕೆಲಸಕ್ಕೆ ಕಾಕನಕೋಟೆ ಕಾಡಂಚಿನ ಎನ್. ಬೇಗೂರು ಕಡೆಯ ಒಂದು ಆದಿವಾಸಿ ಹಾಡಿಗೆ ಹಾಕಿದರು. ಮಧ್ಯಾಹ್ನ ಜನ ಕಡಿಮೆಯಾಗಿದ್ದರು. ಮತ ಹಾಕಿ ಶಾಲೆಯ ಜಗಲಿಯಲ್ಲಿ ಕೂತಿದ್ದ ಜೇನುಕುರುಬರ ಮುದುಕರೊಬ್ಬರು ನನ್ನ ಊರು ಕೇಳಿದರು. ಹೇಳಿದೆ.

"ಉಣಸೂರಾ? ಉಣಸೂರಿನ ಮೂವರನ್ನ ನಮ್ಮಪ್ಪ ಮಣ್ಣು ಮಾಡಿದ್ದ ಕಣವ್ವ."

"ಯಾವ ಮೂವರು ತಾತ?"

"ಮರ ಕುಯ್ಯೋರು. ಯುದ್ದದ ಟೈಮು. ಪೆಟ್ರೋಲ್ ಸಿಕ್ತಿರಲಿಲ್ವಂತೆ, ಲಾರಿ ಇದ್ಲಲ್ಲಿ ಓಡ್ತಿತ್ತಂತೆ. ಹಿಂದ್ಗಡೆ ಒಂದು ಡ್ರಮ್ಮು, ಅದ್ರೊಳಗೆ ಕೆಂಡ. ಮಧ್ಯಾನದಲ್ಲಿ ಮಳೆ ಹಿಡ್ಕತ್ತು. ಡ್ರೈವರ್ರು ನಮ್ಮ ಗುಡ್ಲಿಗೆ ಬಂದ. ಇವ್ರು ಮೂವರೂ ಲಾರಿಯೊಳಗೇ ಟಾರ್ಪಾಲು ಬಿಗಿಯಾಗಿ ಕಟ್ಕಂಡು ಮಲಗವ್ರೆ. ಡ್ರಮ್ಮು ಆರಿಸಿರಲಿಲ್ಲ. ಮಳೆ ನಿಂತ ಮ್ಯಾಕೆ ನಮ್ಮಪ್ಪ ಬಿಚ್ಚಿ ನೋಡಿದ್ರೆ ಮೂವರೂ ಏಳ್ತಾನೇ ಇಲ್ಲ. ಒಂದು ಗಾಯ ಇಲ್ಲ. ಮುಖ ಕೆಂಪಗೆ, ಈಗ ಎದ್ದಾರು ಅನ್ನಂಗಿದ್ರಂತೆ. ಸಂಜೆಗಂಟ ಕೂಗಿ ಕೂಗಿ ಎಬ್ಬಿಸವ್ರೆ ಕಣವ್ವ."

"ಆಮೇಲೆ?"

"ಕಂಟ್ರಾಕ್ಟರು ಬಂದು, ಇಲ್ಲೇ ಊತಾಕಿ, ಬಾಯಿ ಬುಟ್ರೆ ಪೊಲೀಸ್ರು ನಿಮ್ಮನ್ನೇ ಹಿಡೀತಾರೆ ಅಂದ. ಡ್ರೈವರ್ನೂ ಲಾರಿನೂ ಕೇರಳದ ಕಡೆಗೆ ಕಳಿಸ್ಬುಟ್ಟ. ನಾನಾಗ ಅವ್ವನ ಬೆನ್ನಲ್ಲಿದ್ದ ಕೂಸು. ನಮ್ಮಪ್ಪ ಆ ಜಾಗ ದಾಟೋವಾಗೆಲ್ಲ ಹೇಳೋನು. ಒಬ್ಬನಿಗೆ ಎಡಗೈಲಿ ಎರಡು ಬೆಳ್ಳು ಇರಲಿಲ್ಲ ಅಂತ."

ನಾನಾನ ಎಡಗೈಯಲ್ಲಿ ಮೂರೇ ಬೆರಳು. ಎರಡನ್ನು ಗರಗಸ ತಿಂದಿತ್ತು ಎಂದು ನಾನಿ ಹೇಳುತ್ತಿದ್ದರು. ಆ ಸಂಜೆ ಕಾಗದಗಳಿಗೆ ಹೇಗೆ ಸಹಿ ಹಾಕಿದೆನೋ ನೆನಪಿಲ್ಲ.

ಊರಿಗೆ ಬಂದವಳು ನಮ್ಮ ಬೀದಿಯ ವಯಸ್ಸಾದ ಲಾರಿ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. ಅವರ ತಂದೆ ಇದ್ದಿಲಿನ ಬಸ್ಸು ರಿಪೇರಿ ಮಾಡಿದ್ದವರು. "ಇದ್ಲಿಂದ ಬರೋ ಗ್ಯಾಸಲ್ಲೇ ಇಂಜಿನ್ ಓಡೋದು. ಆ ಗ್ಯಾಸು ಬಲು ಕೆಟ್ಟದ್ದು ಮೇಡಂ, ಮಲಗಿದೋರಿಗೆ ಗೊತ್ತೇ ಆಗಲ್ಲ," ಎಂದರು. ನೀಲಿ ಬೆಂಕಿಯ ವಿಷಯ ಕೇಳಿದ್ದಕ್ಕೆ ನಕ್ಕರು. "ಗ್ಯಾಸು ಸರಿಯಾಗಿ ಬತ್ತಾ ಅದಾ ಅಂತ ನೋಡಕ್ಕೆ ಪೈಪಿನ ಬಾಯಿಗೆ ಕಡ್ಡಿ ಗೀರೋರು. ನೀಲಿ ಉರಿ ಬಂದ್ರೆ ಗಾಡಿ ರೆಡಿ ಅಂತ." ಲಾರಿ ಹೊರಡುವ ಮುಂಚೆ ಅದನ್ನು ಯಾರೋ ಕಂಡಿರಬೇಕು. ಸಾಹೇಬರೂ ಇಲ್ಲ, ಯಂತ್ರವೂ ಇಲ್ಲ. ಮೂರು ಹೆಣಗಳ ಹೊಣೆ ತಪ್ಪಿಸಿಕೊಳ್ಳಲು ಒಬ್ಬ ಆಡಿದ ಮಾತು ಮಾತ್ರ ಉಳಿದಿತ್ತು.

ಅಮ್ಮಿಗೆ ಹೇಳಲು ನನಗೆ ಒಂದು ವಾರ ಬೇಕಾಯಿತು. ಹೇಳಿದಾಗ ಅವರು ನನ್ನನ್ನೇ ದಿಟ್ಟಿಸಿದರು.

"ಮಿಲಿಟರಿಯವರು ಕರೆದುಕೊಂಡು ಹೋದವನ ಮಗಳು ಅಂತ ಎಂಬತ್ತು ವರ್ಷ ಬದುಕಿದೆ. ನೀನು ಅವರನ್ನು ಟಾರ್ಪಾಲಿನ ಕೆಳಗೆ ಸಾಯಿಸಿಬಿಟ್ಟೆಯಲ್ಲ."

ಮೂರನೇ ದಿನ ಬೆಳಿಗ್ಗೆ ನಾನು ಅವರ ತಲೆ ಬಾಚುತ್ತಿದ್ದಾಗ, ಹಿಂತಿರುಗದೆಯೇ ಕೇಳಿದರು. "ನೋವಾಗಿರಲಿಲ್ಲ ತಾನೆ?"

"ಇಲ್ಲ ಅಮ್ಮಿ. ನಿದ್ದೆಯಲ್ಲೇ."

"ಇಷ್ಟಾದರೂ ಗೊತ್ತಾಗಿದ್ದರೆ ನಿನ್ನ ನಾನಿ ಅಳುತ್ತಿದ್ದಳು. ಅವಳು ಒಂದು ಸಲವೂ ಅಳಲಿಲ್ಲ." ಹೇಳುತ್ತ ಹೇಳುತ್ತ ಅವರೇ ಅತ್ತರು. ನಾನು ಬಾಚಣಿಗೆ ಇಟ್ಟು ಅವರ ಮುಂದೆ ಹೋಗಿ ಕೂತೆ.

ಮುಂದಿನ ವಾರ ಬಾಡಿಗೆ ಕಾರಿನಲ್ಲಿ ಅಮ್ಮಿಯನ್ನು ಹಾಡಿಗೆ ಕರೆದೊಯ್ದೆ. ಮುದುಕರು ನಮ್ಮೊಡನೆ ಕಬಿನಿ ಹಿನ್ನೀರಿನ ದಡಕ್ಕೆ ಬಂದರು. ಬೇಸಿಗೆಗೆ ನೀರು ಇಳಿದಿದ್ದರೂ ಆ ಜಾಗ ಕಾಣುವಷ್ಟು ಇಳಿದಿರಲಿಲ್ಲ. ಅವರು ನೀರಿನ ನಡುವೆ ಕೈ ತೋರಿಸಿದರು.

"ಆ ಒಣಮರದಿಂದ ಆಚೆಗೆ. ಡ್ಯಾಮ್ ಕಟ್ಟಿದ ಮ್ಯಾಕೆ ಎಲ್ಲ ಮುಳುಗೋಯ್ತು. ನಮ್ಮಪ್ಪನ ಊತಿದ್ದೂ ಅಲ್ಲೇಯ."

ಮನೆಯಲ್ಲಿ ಉರ್ದುವನ್ನೇ ಆಡುತ್ತಿದ್ದ ಅಮ್ಮಿ ತಮ್ಮ ತೊದಲು ಕನ್ನಡದಲ್ಲಿ ಕೇಳಿದರು. "ಸ್ನಾನ ಮಾಡ್ಸಿದ್ರಾ? ಬಟ್ಟೆ ಸುತ್ತಿದ್ರಾ?"

"ಮಳೆ ನೀರಲ್ಲಿ ಮುಖ ತೊಳೆದ್ನಂತೆ. ಬಟ್ಟೆ ಎಲ್ಲಿತ್ತವ್ವ ನಮ್ತಾವ? ತೇಗದ ಎಲೆ ಹಾಸಿ, ಮೇಲೂ ಎಲೆನೇ ಹೊದಿಸಿ ಮಲಗಿಸ್ದ."

ಅಮ್ಮಿ ಬಹಳ ಹೊತ್ತು ತಲೆಯಾಡಿಸುತ್ತಿದ್ದರು. ಆಮೇಲೆ ಆ ಮುದುಕರ ತಂದೆಯ ಹೆಸರು ಕೇಳಿದರು. ಮುದುಕರು ಹೇಳಿದರು. ಅಮ್ಮಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಂಗೈ ಚಾಚಿ ಫಾತಿಹಾ ಓದಿದರು. ಕೊನೆಯ ದುವಾದಲ್ಲಿ ನಾನಾನ ಹೆಸರು ಕೇಳಿಸಿತು, ಅದರ ಹಿಂದೆಯೇ ಆ ಇನ್ನೊಂದು ಹೆಸರು. ಮುದುಕರು ಕುಕ್ಕರುಗಾಲಲ್ಲಿ ಕೂತು, ಅಮ್ಮಿಯನ್ನು ನೋಡಿ ತಾವೂ ಅಂಗೈ ಚಾಚಿದ್ದರು.

ಆ ವರ್ಷದ ಮಳೆಗಾಲದಲ್ಲಿ ಅಮ್ಮಿ ತೀರಿಕೊಂಡರು.

ಕತೆ ಮಾತ್ರ ಊರಿನಲ್ಲಿ ಇನ್ನೂ ಇದೆ. ಈಗ ಯಾರೋ ಅದನ್ನು ಮೊಬೈಲ್ ವಿಡಿಯೋ ಮಾಡಿದ್ದಾರೆ, ಸಂಗೀತವನ್ನೂ ಸೇರಿಸಿದ್ದಾರೆ. ಮೊನ್ನೆ ಟೀ ಅಂಗಡಿಯಲ್ಲಿ ಅದನ್ನು ನೋಡುತ್ತಿದ್ದವರ ನಡುವೆ ನನ್ನ ಹಳೆಯ ವಿದ್ಯಾರ್ಥಿಯೂ ಇದ್ದ. ನಾನು ಕೂತು, ನಡೆದದ್ದನ್ನು ಮೊದಲಿನಿಂದ ಹೇಳಿದೆ.

"ಇದ್ಲು ಹೊಗೇಲಿ ಸತ್ರಾ?" ಎಂದ ಅವನು. "ಅಷ್ಟೇನಾ ಮೇಡಂ?"

"ಅಷ್ಟೇ ಕಣಪ್ಪ," ಎಂದೆ.