ಎತ್ತಿ ಹಿಡಿದ ಎಡಗೈ

“ಯಾರ ಬೇ ನೀ? ನನ್ನ ಲಿಂಗಾ ಎಲ್ಲಿಟ್ಟಿ?” ನಾನು ಕುಬಿಹಾಳಕ್ಕೆ ಬಂದ ಮರುದಿನವೇ ಗಂಗವ್ವಜ್ಜಿ ಒದ್ದೆ ಮೈಯಲ್ಲೇ ನನ್ನ ಜುಟ್ಟು ಹಿಡಿದಿದ್ದರು.

ತಪ್ಪು ನನ್ನದೇ. ಕುಂದಾಪುರದ ಕಡೆಯವಳು ನಾನು. ಗೇರುಬೀಜದ ಕಾರ್ಖಾನೆ ಮುಚ್ಚಿದ ಮೇಲೆ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಕಲಿತು ಇಲ್ಲಿಗೆ ಬಂದೆ. ನಮ್ಮಲ್ಲಿ ಸ್ನಾನಕ್ಕೆ ಮುಂಚೆ ಸರ ಬಿಚ್ಚಿಡುವುದಿಲ್ಲವೇ, ಹಾಗೆಯೇ ಅಜ್ಜಿಯ ಕೊರಳಿನ ಕರಡಿಗೆಯನ್ನೂ, ಅಂದರೆ ಇಷ್ಟಲಿಂಗವಿರುವ ಬೆಳ್ಳಿಯ ಪುಟ್ಟ ಡಬ್ಬಿಯನ್ನೂ, ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟಿದ್ದೆ. ಸೊಸೆ ಶಾಂತಕ್ಕ ಓಡಿಬಂದು ಮತ್ತೆ ಕಟ್ಟಿದರು. “ಜೀವ ಹೋಗೂತನಕ ಅದನ್ನ ಮೈಯಿಂದ ತಗ್ಯಾಂಗಿಲ್ಲವ್ವಾ,” ಎಂದರು. ಅಜ್ಜಿ ಸಂಜೆಯವರೆಗೆ ಒಂದು ತುತ್ತೂ ಮುಟ್ಟಲಿಲ್ಲ. ಯಾಕೆಂಬುದು ಅವರಿಗೂ ಮರೆತುಹೋಗಿತ್ತು; ಹೆದರಿಕೆ ಮಾತ್ರ ಉಳಿದಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಮೇಲೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ಅಜ್ಜಿ ಕರಡಿಗೆಯನ್ನು ಎಡಮುಷ್ಟಿಯಲ್ಲಿ ಎತ್ತಿ ಹಿಡಿಯಬೇಕು, ನಾನು ಮೈ ತೊಳೆಯಬೇಕು.

“ಹಿಡದೀರೇನ್ರಿ?”

“ಹಿಡದೇನಿ, ಹಾಕು ನೀರ.”

ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನಾನು ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚುವುದನ್ನೂ ಕಲಿತೆ. ಮಳೆಯಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಇಲ್ಲಿನ ಎರೆಮಣ್ಣಿಗೆ ಮಾತ್ರ ಇನ್ನೂ ಒಗ್ಗಿಲ್ಲ. ಅಜ್ಜಿಗೆ ನನ್ನ ಹೆಸರು ಒಂದು ದಿನವೂ ನೆನಪಿರಲಿಲ್ಲ. ಆದರೂ ನನ್ನ ಕೈಯಿಂದಲೇ ಉಣ್ಣುತ್ತಿದ್ದರು. ಅಷ್ಟಕ್ಕೇ ಹಿಗ್ಗುತ್ತಿದ್ದೆ.

ಎರಡನೆಯ ವರ್ಷದ ಒಂದು ಬೆಳಿಗ್ಗೆ ಅಜ್ಜಿ ಮುಷ್ಟಿ ಬಿಚ್ಚಿ ಕರಡಿಗೆಯನ್ನು ನನ್ನತ್ತ ಚಾಚಿದರು. “ಇದ ಯಾರದ ಬೇ? ಕೊಟ್ಟ ಬಾ, ಪಾಪ, ಹುಡುಕ್ಯಾಡತಿರತಾರ.”

“ನಿಮ್ಮದ ರೀ ಅಜ್ಜಿ.”

“ನಂದಲ್ಲ ಬಿಡು.”

ಅವತ್ತಿನಂತೆ ಜುಟ್ಟು ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು. ಲಿಂಗ ಕಟ್ಟದ ಮನೆಯಲ್ಲಿ ಹುಟ್ಟಿದ ನಾನು ಅದನ್ನು ಅವರ ಎದೆಯ ಮೇಲೆ ಸರಿಪಡಿಸಿ, ಬಚ್ಚಲಲ್ಲೇ ನಿಂತು ಅತ್ತೆ.

ಕಳೆದ ತಿಂಗಳು ರಜೆ ಹಾಕಿ ಕುಂದಾಪುರದ ಕಡೆಯ ನಮ್ಮೂರಿಗೆ ಹೋದೆ. ಅಮ್ಮ ಮೀನು ಸಾರು ಮಾಡಿದ್ದಳು. ಎರಡು ವರ್ಷ ಆಸೆಪಟ್ಟಿದ್ದ ಊಟದ ಮುಂದೆ ಕೂತು, ಅಜ್ಜಿ ಉಂಡರೋ ಇಲ್ಲವೋ ಎಂದು ಗಡಿಯಾರ ನೋಡಿದೆ. ಮೂರನೆಯ ದಿನ ಶಾಂತಕ್ಕ ಫೋನ್ ಮಾಡಿದರು: “ಇವತ್ತ ನೀರ ಹಾಕೂ ಮುಂದ ಅತ್ತಿ ಎಡಗೈ ಎತ್ತಿ ಹಿಡಕೊಂಡ ಕುಂತಿದ್ರು. ಲಿಂಗಾ ಕೊಳ್ಳಾಗ ಐತಿ, ಮುಷ್ಟ್ಯಾಗ ಏನೂ ಇಲ್ಲ. ಯಾರೂ ಏನೂ ಕೇಳಿಲ್ಲ, ‘ಹಿಡದೇನಿ, ಹಿಡದೇನಿ’ ಅಂತಾರ. ನನ್ನ ಕೈಯಾಗ ಉಣವಲ್ರು.”

ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. “ಬಂದ್ ಮೂರ್ ದಿನ ಆಯ್ಲಿಲ್ಲ, ಎಲ್ಲಿಗ್ ಹೊರಟ್ಯೆ?”

ಮನೆಗೆ ಎಂದರೆ ಅವಳಿಗೆ ನೋವು. ಕೆಲಸಕ್ಕೆ ಎಂದರೆ ಸುಳ್ಳು. ಅವಳ ಕೈ ಹಿಡಿದು ನಿಂತೆ.