ಮುಟ್ಟಬಹುದಾದ ತೋಪು

ಬೆಳಗಿನ ಏಳು ಗಂಟೆ. ಡೆಟ್ರಾಯಿಟ್ ನದಿಯಾಚೆ ಕೆನಡಾದ ದೀಪಗಳು ಇನ್ನೂ ಆರಿಲ್ಲ. ಈಚೆ ದಡದ ಹಳೆಯ ಕೋಟೆಯಲ್ಲಿ ಈರೇಶ್ ಉದ್ದನೆಯ ಕೋಲನ್ನು ತೋಪಿನ ಬಾಯಿಗೆ ತೂರಿಸಿ ಏನನ್ನೋ ಎಳೆಯುತ್ತಿದ್ದಾರೆ. ಮೊದಲು ಚಿಪ್ಸ್ ಪೊಟ್ಟಣ, ಆಮೇಲೆ ಜ್ಯೂಸ್ ಡಬ್ಬಿ, ಕೊನೆಗೆ ಮಗುವಿನ ಒಂದು ಕಾಲುಚೀಲ.

"ಕಾಲಚೀಲ ಯಾಕ ತುರಕ್ತಾರ್ರೀ ಇದರಾಗ? ಎರಡೂ ತುರಕಿದ್ರ ನನ್ನ ಮೊಮ್ಮಗನಿಗಾದ್ರೂ ಆಗ್ತಿದ್ವು!"

ಗೋಕಾಕದ ಕಡೆಯ ಈರೇಶ್‌ಗೆ ಅರವತ್ಮೂರು. ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನಲ್ಲಿ ಹತ್ತೊಂಬತ್ತು ವರ್ಷ ಕಾರಿನ ಬಿಡಿಭಾಗಗಳ ಅಳತೆ ನೋಡಿದವರು. ನಿವೃತ್ತಿಯ ಬಳಿಕ ವಾರಾಂತ್ಯದಲ್ಲಿ ಇಪ್ಪತ್ತಾರು ಮೈಲಿ ಡ್ರೈವ್ ಮಾಡಿ ಬಂದು ಇಲ್ಲಿನ ಐದು ತೋಪುಗಳನ್ನು ಒರೆಸಿ ಎಣ್ಣೆ ಸವರುತ್ತಾರೆ. ನದಿಯ ಗಾಳಿಗೆ ಬೆರಳುಗಳು ಸೆಟೆದುಕೊಳ್ಳುತ್ತವೆ. ದಿನಕ್ಕೆ ನೂರೈವತ್ತು ಪ್ರವಾಸಿಗರು. ಅವರಲ್ಲಿ ನೂರು ಜನ ಕೇಳುವುದು ಟಾಯ್ಲೆಟ್ ಎಲ್ಲಿ ಎಂದು ಮಾತ್ರ.

ಹೋದ ವರ್ಷದ ಅಕ್ಟೋಬರ್ ರಜೆಯಲ್ಲಿ, ದಸರೆಯ ಹೊತ್ತಿಗೆ, ನಮ್ಮವರೇ ಯಾರೋ ದೊಡ್ಡ ತೋಪಿಗೆ ಆಯುಧಪೂಜೆ ಮಾಡಿ, ಕುಂಕುಮ ಬಳಿದು, ಗಾಲಿಯಡಿ ನಿಂಬೆಹಣ್ಣು ಇಟ್ಟು ಹೋದರು. ಕೋಟೆಯ ಕಚೇರಿ ಅದನ್ನು ಪುಂಡರ ಕೆಲಸವೆಂದುಕೊಂಡಿತು. ಈರೇಶ್ ಬಾಯಿ ಬಿಡಲಿಲ್ಲ. ಮೂರು ಶನಿವಾರ ಉಜ್ಜಿದರು. ಇನ್ನೊಂದು ಕಲೆ ಬಿದ್ದರೆ ಸುತ್ತ ತಂತಿಬೇಲಿ ಹಾಕುತ್ತೇವೆ ಎಂದಿದೆ ಕಚೇರಿ.

"ನಾನೂ ಊರಾಗ ಸ್ಪ್ಯಾನರಿಗೆ ಕುಂಕುಮ ಹಚ್ಚಿದಾವನ. ಬೈಯಾಕ ಬಾಯಿ ಬರಂಗಿಲ್ಲ, ಸುಮ್ನಿರಾಕೂ ಆಗಂಗಿಲ್ಲ. ಏನ್ ಮಾಡ್ಲಿ ಹೇಳ್ರಿ?"

ಮತ್ತೆ ಅದೇ ರಜೆ ಬಂದಿದೆ. ಹತ್ತೂವರೆಗೆ ದೂರದ ಶಾಮ್‌ಬರ್ಗ್ ಊರಿನ ವೆಂಕಟರಾಮು, ಅವರ ಹೆಂಡತಿ ಪದ್ಮಮ್ಮ, ಮೊಮ್ಮಗಳು ದಿಯಾ ಬಂದು ದೊಡ್ಡ ತೋಪಿನ ಮುಂದೆ ನಿಲ್ಲುತ್ತಾರೆ.

"ಇದು ಎಷ್ಟು ಹಡಗು ಮುಳುಗಿಸಿದೆ ಸಾರ್?" ವೆಂಕಟರಾಮು ಕೇಳುತ್ತಾರೆ.

"ಒಂದೂ ಇಲ್ಲರಿ. ಯುದ್ಧದಾಗ ಒಂದು ಗುಂಡೂ ಹಾರಿಸಿಲ್ಲ."

"ಅಯ್ಯೋ! ಇದಕ್ಕಾ ಮುನ್ನೂರು ಮೈಲಿ ಡ್ರೈವ್ ಮಾಡ್ಕೊಂಡು ಬಂದಿದ್ದು? ನಮ್ಮೂರ ಮಾಲ್‌ಗೇ ಹೋಗಬಹುದಿತ್ತು."

ಈರೇಶ್ ಕಣ್ಣು ಪದ್ಮಮ್ಮನ ವ್ಯಾನಿಟಿ ಬ್ಯಾಗಿನ ಮೇಲಿದೆ. ಅದರಿಂದ ಸಣ್ಣ ಕುಂಕುಮದ ಭರಣಿ ಹೊರಬರುತ್ತದೆ.

"ಅಮ್ಮಾರ, ಬ್ಯಾಡ್ರಿ!"

"ಒಂದೇ ಒಂದು ಬೊಟ್ಟು ಕಣಪ್ಪ. ಹಬ್ಬದ ದಿನ ಬರಿದಾಗಿರಬಾರದು. ಯಾರಿಗ್ ಗೊತ್ತಾಗುತ್ತೆ?"

"ಒರಸಾವನಿಗೆ ಗೊತ್ತಾಗ್ತದರಿ," ಎನ್ನುತ್ತ ಈರೇಶ್ ತೋಪಿಗೆ ಅಡ್ಡ ನಿಂತು ತಲೆ ಬಗ್ಗಿಸುತ್ತಾರೆ. "ಹಚ್ಚಲೇಬೇಕಂದ್ರ ನನಗ ಹಚ್ರಿ."

ಪದ್ಮಮ್ಮ ಎಣ್ಣೆಯ ಜಿಡ್ಡಿದ್ದ ಆ ಹಣೆಗೆ ಬೊಟ್ಟಿಡುತ್ತಾರೆ.

ಈರೇಶ್ ದಿಯಾಳ ಕೈಗೆ ಬಟ್ಟೆ ಕೊಟ್ಟು, ತೋಪನ್ನು ಮುಟ್ಟಲು ಸನ್ನೆ ಮಾಡುತ್ತಾರೆ. ಅವಳು ಕೈ ಒರೆಸಿಕೊಂಡು ಕಬ್ಬಿಣದ ಮೇಲೆ ಅಂಗೈ ಇಡುತ್ತಾಳೆ. "ಇಟ್ಸ್ ಸೋ ಕೋಲ್ಡ್!" ಎಂದವಳು ಕೈ ತೆಗೆಯುವುದಿಲ್ಲ.

ಅವರು ಹೋದ ಮೇಲೆ ಈರೇಶ್ ಆ ಪುಟ್ಟ ಅಂಗೈಯ ಗುರುತನ್ನು ಒರೆಸುತ್ತಾರೆ.

"ಬೇಲಿ ಬ್ಯಾಡ್ರಿ. ಮುಟ್ಟಲಿ, ನಾ ಒರಸ್ತೀನಿ. ಏನೂ ಹಚ್ಚದ ಹೋದ್ರ ಸಾಕು."