ಸೀದ ಹೋಳಿಗೆ

ಲಂಡನ್ನಿನಲ್ಲಿ ನನ್ನ ಕೋಣೆಯಲ್ಲಿದ್ದ ಮುಂಡರಗಿಯ ವಿದ್ಯಾರ್ಥಿಗೆ ಊರಿನ ರಾಜಕೀಯದ್ದೇ ಚಿಂತೆ. ಮುಂಡರಗಿ ಮುಂಬಯಿ ರಾಜ್ಯದಲ್ಲಿತ್ತು, ಅವನ ಅಕ್ಕನನ್ನು ಕೊಟ್ಟ ಕೊಪ್ಪಳ ಹೈದರಾಬಾದಿನಲ್ಲಿ. “ನಮ್ಮಕ್ಕನ ಮನಿಗೆ ಹೋಗಾಕ ರಾಜ್ಯ ದಾಟಬೇಕಲೇ,” ಎಂದು ಸಮುದ್ರ ದಾಟಿ ಬಂದವನು ದಿನಾ ಗೊಣಗುತ್ತಿದ್ದ.

ಕನ್ನಡನಾಡು ಒಂದಾದ ದಿನ ಹೋಳಿಗೆ ಮಾಡಲು ಹೋಗಿ ಹಂಚಿನ ಮೇಲೆ ಸೀಯಿಸಿದ. ಹೊಗೆ ಕಂಡ ಮನೆಯೊಡತಿ ಬೆಂಕಿ ಆರಿಸುವವರನ್ನು ಕರೆಸಿದಳು. ನೀರಿನ ಕೊಳವೆ ಹಿಡಿದು ನುಗ್ಗಿದವರಿಗೆ ಅವನು, “ಬರ್ರಿ, ಕುಂಡ್ರಿ, ನಾಡು ಒಂದಾತು,” ಎಂದು ಕನ್ನಡದಲ್ಲೇ ಹೇಳಿ ಸೀದ ಹೋಳಿಗೆ ಬಡಿಸಿದ. ನಾನು ಇಂಗ್ಲಿಷಿನಲ್ಲಿ ಅಕ್ಕನ ಊರಿನ ಸಂಗತಿಯನ್ನೂ ಸೇರಿಸಿ ವಿವರಿಸಿದೆ. ಅವರ ಹಿರಿಯ ಅಗಿಯುತ್ತಲೇ ಗಂಭೀರವಾಗಿ ಕೇಳಿದ: “ಹಾಗಾದರೆ ಅಕ್ಕನನ್ನು ನೋಡಲು ಯಾವಾಗ ಹೊರಡುತ್ತೀರಿ?”

ಗೆಳೆಯ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಹೊಗೆಯಿಂದ ಕಣ್ಣುರಿಯಿತೆಂದುಕೊಂಡು ಆ ಹಿರಿಯ ಕಿಟಕಿ ತೆರೆದ.